ನಿಮಗಿದು ಗೊತ್ತೆ? ಎಣ್ಣೆ ಒರೆಸಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ

ಮರಕ್ಕೆ ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಗೆ ಬೆಂಕಿ ಹತ್ತಲು ಯಾರೂ ಕಡ್ಡಿ ಗೀರಬೇಕಿಲ್ಲ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಹರವಿದ ಬಟ್ಟೆಯಾದರೆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿ ಮೂಲೆಗೆಸೆದರೆ ಒಳಗೇ ಕೂಡಿಕೊಂಡು, ಕೆಲವೇ ಗಂಟೆಗಳಲ್ಲಿ ಹೊಗೆ, ಆಮೇಲೆ ಬೆಂಕಿ. ಪಕ್ಕದಲ್ಲಿ ಮರದ ಹೊಟ್ಟಿನ ರಾಶಿಯಿದ್ದರಂತೂ ಕೇಳುವುದೇ ಬೇಡ.

1991ರ ಫೆಬ್ರುವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಉರಿದದ್ದು ಹೀಗೆಯೇ. ಮರದ ಹಲಗೆಗಳಿಗೆ ಹೊಳಪು ಕೊಡುತ್ತಿದ್ದವರು 22ನೇ ಮಹಡಿಯಲ್ಲಿ ಎಣ್ಣೆ ಬಟ್ಟೆ ಬಿಟ್ಟುಹೋಗಿದ್ದರು. ಬೆಂಕಿ 18 ಗಂಟೆಗೂ ಹೆಚ್ಚು ಕಾಲ ಉರಿಯಿತು. ಅಗ್ನಿಶಾಮಕ ದಳದ ಮೂವರು ಪ್ರಾಣ ತೆತ್ತರು. ಕೊನೆಗೆ ಅದನ್ನು ತಡೆದದ್ದು 30ನೇ ಮಹಡಿಯ ಸ್ಪ್ರಿಂಕ್ಲರ್‌ಗಳು, ಅದೂ ಬರೀ 10.

ಬಡಗಿಗಳು ದಯವಿಟ್ಟು ಗಮನಿಸಿ: ಇಂಥ ಬಟ್ಟೆಯನ್ನು ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ. ಬ್ರಷ್ ತೊಳೆದ ಥಿನ್ನರನ್ನೂ ಚರಂಡಿಗೆ ಚೆಲ್ಲಬೇಡಿ. ಬಿಗಿಯಾಗಿ ಮುಚ್ಚಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯಲ್ಲಿ ಮತ್ತೆ ಬ್ರಷ್ ತೊಳೆಯಬಹುದು.