ಹೈಪರ್‌ವೈಸರಿನ ಅತಿಥಿಪಾಲನ ಕ್ರಮ

ಒಂದೇ ಕಂಪ್ಯೂಟರಿನಲ್ಲಿ ಅನೇಕ ಕಾರ್ಯಕ್ರಮಗಳು ಏಕಕಾಲದಲ್ಲಿ ನಡೆಯುತ್ತಿರುವಂತೆ ತೋರುವುದಷ್ಟೆ. ಅವುಗಳಿಗೆ ಪ್ರೊಸೆಸರಿನ ಕಾಲವನ್ನೂ, ಮೆಮೊರಿಯ ಸ್ಥಳವನ್ನೂ, ಡಿಸ್ಕು ಮೊದಲಾದ ಉಪಕರಣಗಳನ್ನೂ ಹಂಚಿಕೊಡುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎಂದು ಹೆಸರು. ಯಂತ್ರಕ್ಕೆ ತಾನೊಬ್ಬನೇ ಒಡೆಯನೆಂಬ ಭಾವನೆಯಿಂದಲೇ ಕರ್ನೆಲ್ಲು ರಚಿತವಾಗಿರುವುದು. ತನ್ನ ಮೇಲೆ ಮತ್ತೊಬ್ಬನಿರಬಹುದೆಂಬ ಶಂಕೆಯೇ ಅದಕ್ಕಿಲ್ಲ. ಹೀಗಿರಲು, ಒಂದು ಕರ್ನೆಲ್ಲಿನ ಆಳ್ವಿಕೆಯಲ್ಲಿಯೇ ಇನ್ನೊಂದು ಸಂಪೂರ್ಣ ಕರ್ನೆಲ್ಲನ್ನು ನೆಲೆಗೊಳಿಸಿ, ಅದರ ಒಡೆತನದ ಭಾವನೆಗೆ ಭಂಗ ಬಾರದಂತೆಯೂ, ಒಡೆತನವು ಮಾತ್ರ ಅದರ ಕೈಗೆ ಹೋಗದಂತೆಯೂ ನೋಡಿಕೊಳ್ಳುವ ಕಾರ್ಯಕ್ರಮವೇ ಹೈಪರ್‌ವೈಸರ್. ನೆಲೆ ಪಡೆದ ಕರ್ನೆಲ್ಲು ಅತಿಥಿ. ನೆಲೆ ಕೊಟ್ಟದ್ದು ಆತಿಥೇಯ. ಅತಿಥಿಗೆ ಕಾಣುವ ಯಂತ್ರವೇ ವರ್ಚುವಲ್ ಯಂತ್ರ.

ಈ ಕ್ರಮವನ್ನು ತಿಳಿಯಲು ಎಲ್‌ಗೆಸ್ಟ್ ಎಂಬ ಸರಳ ಹೈಪರ್‌ವೈಸರು ಉತ್ತಮ ನಿದರ್ಶನವಾಗಿದೆ. ಇದನ್ನು ರಚಿಸಿದವರು ಆಸ್ಟ್ರೇಲಿಯದ ರಸ್ಟಿ ರಸೆಲ್. ೨೦೦೭ನೆಯ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ ಕರ್ನೆಲ್ಲಿನ ೨.೬.೨೩ನೆಯ ಆವೃತ್ತಿಯಲ್ಲಿ ಇದು ಸೇರಿತು, ೨೦೧೭ರಲ್ಲಿ ೪.೧೪ನೆಯ ಆವೃತ್ತಿಯಿಂದ ತೆಗೆಯಲ್ಪಟ್ಟಿತು. ಅದೇ ೨೦೦೭ರ ಫೆಬ್ರವರಿಯಲ್ಲಿ ಸೇರಿದ ಕೆ.ವಿ.ಎಂ. ಎಂಬುದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಆದರೂ ಸುಮಾರು ೫೦೦೦ ಪಂಕ್ತಿಗಳಷ್ಟೇ ಇದ್ದ ಎಲ್‌ಗೆಸ್ಟನ್ನು ಒಬ್ಬನು ಆದ್ಯಂತವಾಗಿ ಓದಿ ಮುಗಿಸಬಹುದು. ಸಿದ್ಧಾಂತಕೌಮುದಿಯನ್ನು ಹಿಡಿಯುವ ಮೊದಲು ಲಘುಕೌಮುದಿಯಿಂದ ಆಗುವ ಉಪಕಾರವೇ ಇದರಿಂದಲೂ ಆಗುವುದು.

ವಿಷಯವು ಸ್ಪಷ್ಟವಾಗುವಂತೆ ಒಂದು ಕಲ್ಪಿತ ದೃಷ್ಟಾಂತವನ್ನು ಇಟ್ಟುಕೊಳ್ಳಬಹುದು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಪಹಣಿ ಲೆಕ್ಕಗಳಿಗೆ ನಾಲ್ಕು ಅತಿಥಿಯಂತ್ರಗಳಿವೆಯೆಂದೂ, ಅವು ನಾಲ್ಕೂ ಒಂದೇ ಕಂಪ್ಯೂಟರಿನಲ್ಲಿ ವಾಸವಾಗಿವೆಯೆಂದೂ ಭಾವಿಸೋಣ. ಹುಣಸೂರಿನ ಅತಿಥಿಯಲ್ಲಿ ದೋಷವುಂಟಾದರೆ ಪಿರಿಯಾಪಟ್ಟಣದ ರೈತನ ಖಾತೆಯಲ್ಲಿ ಒಂದಕ್ಷರವೂ ವ್ಯತ್ಯಾಸವಾಗಕೂಡದು. ಈ ನಿರ್ಬಂಧವು ಹೇಗೆ ನೆರವೇರುವುದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇಂಥ ವ್ಯವಸ್ಥೆಗೆ ಮೂರು ಲಕ್ಷಣಗಳನ್ನು ಹೇಳಿದರು. ಅತಿಥಿಯಲ್ಲಿ ನಡೆಯುವ ಕಾರ್ಯಕ್ರಮವು ನಿಜವಾದ ಯಂತ್ರದಲ್ಲಿ ನಡೆದಂತೆಯೇ ನಡೆಯಬೇಕು. ಬಹುಪಾಲು ಆಜ್ಞೆಗಳನ್ನು ಪ್ರೊಸೆಸರೇ ನೇರವಾಗಿ ನಡೆಸಬೇಕು. ಸಂಪತ್ತೆಲ್ಲವೂ ನಿಯಾಮಕನ ವಶದಲ್ಲಿಯೇ ಇರಬೇಕು. ಮೊದಲನೆಯ ಲಕ್ಷಣಕ್ಕೆ ಅವರೇ ಅಪವಾದವನ್ನೂ ಹೇಳಿರುವರು: ಕಾಲದ ವಿಳಂಬ ಮತ್ತು ಸಂಪತ್ತಿನ ಪರಿಮಾಣ, ಇವೆರಡರಲ್ಲಿ ಭೇದ ತೋರಬಹುದು.

ವ್ಯಾಕರಣ ಬಲ್ಲವರಿಗೆ ಇಲ್ಲಿ ಪಾಣಿನಿಯ ಸ್ಥಾನಿವದ್ಭಾವವು ನೆನಪಿಗೆ ಬಾರದಿರದು. ಕ್ತ್ವಾ ಪ್ರತ್ಯಯದ ಸ್ಥಾನದಲ್ಲಿ ಲ್ಯಪ್ ಆದೇಶವಾಗಿ ‘ಪ್ರಕೃತ್ಯ’ ಎಂಬ ರೂಪವಾದಾಗ, ಕ್ತ್ವಾಂತಕ್ಕಿದ್ದ ಅವ್ಯಯತ್ವವು ಇದಕ್ಕೂ ಸಲ್ಲುವುದು. ಆದರೆ ಸ್ಥಾನಿಯ ವರ್ಣವನ್ನೇ ಆಶ್ರಯಿಸಿದ ವಿಧಿಯಲ್ಲಿ ಈ ಅತಿದೇಶವು ಸಲ್ಲದು. ‘ದ್ಯೌಃ’ ಎಂಬಲ್ಲಿ ವಕಾರಕ್ಕೆ ಆದೇಶವಾಗಿ ಬಂದ ಔಕಾರವು ವ್ಯಂಜನವೆಂದು ಗಣಿತವಾಗುವುದಿಲ್ಲ. ವರ್ಚುವಲ್ ಯಂತ್ರವೂ ಯಂತ್ರದ ಸ್ಥಾನದಲ್ಲಿ ಬಂದ ಆದೇಶವೇ. ಕಾರ್ಯದಲ್ಲಿ ಅದು ಯಂತ್ರದಂತೆಯೇ. ಯಂತ್ರದ ಸ್ವಂತ ಶರೀರವನ್ನು ಮುಟ್ಟುವ ಕಡೆಗಳಲ್ಲಿ ಮಾತ್ರ ಹಾಗಲ್ಲ. ಹೈಪರ್‌ವೈಸರಿನ ಕೆಲಸವೆಲ್ಲವೂ ಈ ಅಪವಾದದ ಸ್ಥಳಗಳಲ್ಲಿಯೇ ಇರುವುದು. ಎಲ್‌ಗೆಸ್ಟಿನಲ್ಲಿ ಆ ಸ್ಥಳಗಳು ಮುಖ್ಯವಾಗಿ ನಾಲ್ಕು: ಕಾಲ, ಅಧಿಕಾರ, ಮೆಮೊರಿ, ಉಪಕರಣ.

ಮೊದಲನೆಯದು ಕಾಲ. ಅತಿಥಿಯನ್ನು ಎಬ್ಬಿಸುವುದಕ್ಕೆ ಲಾಂಚರ್ ಎಂಬ ಒಂದು ಸಾಮಾನ್ಯ ಕಾರ್ಯಕ್ರಮವಿದೆ. ಆತಿಥೇಯ ಕರ್ನೆಲ್ಲಿನ ದೃಷ್ಟಿಯಲ್ಲಿ ಅತಿಥಿಯು ಈ ಲಾಂಚರಿನ ರೂಪದಲ್ಲಿ ಇತರ ಕಾರ್ಯಕ್ರಮಗಳಂತೆಯೇ ಒಂದು. ಆದಕಾರಣ ಕಾಲವನ್ನು ಹಂಚುವ ಹೊಸ ವ್ಯವಸ್ಥೆ ಬೇಕಾಗಲಿಲ್ಲ. ಕರ್ನೆಲ್ಲಿನಲ್ಲಿ ಮೊದಲೇ ಇದ್ದುದೇ ಸಾಕಾಯಿತು. ಹೈಪರ್‌ವೈಸರನ್ನು ಕರ್ನೆಲ್ಲಿನ ಒಳಗೆ ಇಡುವುದರ ಪ್ರಯೋಜನವೇ ಇದು. ಸರದಿ ಬಂದಾಗ ಸ್ವಿಚರ್ ಎಂಬ ಸಣ್ಣ ಭಾಗವು ಆತಿಥೇಯನ ಸ್ಥಿತಿಯನ್ನು ಕಾದಿಟ್ಟು, ಅತಿಥಿಯ ಸ್ಥಿತಿಯನ್ನು ಪ್ರೊಸೆಸರಿನಲ್ಲಿ ತುಂಬಿ ಒಳಗೆ ಬಿಡುವುದು. ಗಡಿಯಾರದ ಕೂಗು ಕೇಳಿದೊಡನೆ ಮತ್ತೆ ಸ್ವಿಚರಿನ ಮೂಲಕ ಹಿಡಿತವು ಆತಿಥೇಯನಿಗೆ ಮರಳುವುದು; ಆ ಕೂಗು ಅತಿಥಿಯ ವಶದಲ್ಲಿಲ್ಲ. ನಾಲೆಯ ಬಯಲಿನಲ್ಲಿ ನೀರುಗಂಟಿಯು ಸರದಿಯಂತೆ ತೂಬನ್ನು ತೆಗೆದು ಮುಚ್ಚುವ ಕ್ರಮವೂ ಇಂಥದೇ. ಸರದಿಯಿರುವಷ್ಟು ಹೊತ್ತು ಕಾಲುವೆಯ ನೀರೆಲ್ಲವೂ ಒಬ್ಬನ ಗದ್ದೆಗೇ ಹರಿಯುವುದು. ತೂಬು ಮಾತ್ರ ಅವನದಲ್ಲ.

ಎರಡನೆಯದು ಅಧಿಕಾರ. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ೦ಯಿಂದ ೩ರವರೆಗೆ ನಾಲ್ಕು ಅಧಿಕಾರವಲಯಗಳಿವೆ. ೦ಯಲ್ಲಿ ಆತಿಥೇಯ ಕರ್ನೆಲ್ಲು, ೧ರಲ್ಲಿ ಅತಿಥಿ ಕರ್ನೆಲ್ಲು, ೩ರಲ್ಲಿ ಅತಿಥಿಯ ಕಾರ್ಯಕ್ರಮಗಳು. ಕೆಳವಲಯದವನು ಮೇಲ್ವಲಯದ ಆಜ್ಞೆಯನ್ನು ಪ್ರಯೋಗಿಸಿದರೆ ಪ್ರೊಸೆಸರು ತಡೆದು ಆತಿಥೇಯನಿಗೆ ದೂರು ಕೊಡುವುದು. ಆದರೆ ಕೆಲವು ಆಜ್ಞೆಗಳು ತಡೆಯಲ್ಪಡದೆ, ದೂರೂ ಬಾರದೆ, ಸುಮ್ಮನೆ ನಿಷ್ಫಲವಾಗುವುವು. ಆಗ ಅತಿಥಿಯು ಕೆಲಸವಾಯಿತೆಂದೇ ತಿಳಿಯುವುದು; ಆತಿಥೇಯನಿಗೋ ಏನೂ ತಿಳಿಯದು. ಈ ಸಂಕಟಕ್ಕೆ ಎಲ್‌ಗೆಸ್ಟ್ ಕಂಡ ಪರಿಹಾರವು ಬಿನ್ನಹದ ಮಾರ್ಗ. ಅತಿಥಿ ಕರ್ನೆಲ್ಲಿನಲ್ಲಿ ಅಂಥ ಆಜ್ಞೆಗಳ ಬದಲಾಗಿ, ೩೧ನೆಯ ಇಂಟರಪ್ಟಿನ ಮೂಲಕ ಆತಿಥೇಯನನ್ನು ಬೇಡಿಕೊಳ್ಳುವ ಕರೆಗಳನ್ನು ಇಡಲಾಯಿತು. ಇದಕ್ಕೆ ಹೈಪರ್‌ಕಾಲ್ ಎಂದು ಹೆಸರು. ಪ್ರೊಸೆಸರಿಗೆ ೨೦೦೫ ಮತ್ತು ೨೦೦೬ರಲ್ಲಿ ಇಂಟೆಲ್, ಎ.ಎಂ.ಡಿ. ಸಂಸ್ಥೆಗಳು ಅತಿಥಿಗಳಿಗೆಂದೇ ವಿಶೇಷ ಸ್ಥಿತಿಯನ್ನು ಸೇರಿಸಿದುವು, ಕೆ.ವಿ.ಎಂ. ಅದನ್ನು ಆಶ್ರಯಿಸಿದುದು, ಎಲ್‌ಗೆಸ್ಟ್ ಆಶ್ರಯಿಸದುದು.

ಪ್ರತಿಯೊಂದಕ್ಕೂ ಬಿನ್ನಹ ಮಾಡುವುದು ದುಬಾರಿ. ಆದಕಾರಣ, ಹೊರಗಿನ ಕೂಗುಗಳನ್ನು ಸದ್ಯಕ್ಕೆ ಕೇಳಿಸಬೇಡವೆಂದು ಹೇಳಬೇಕಾದಾಗ ಅತಿಥಿಯು ಇಬ್ಬರೂ ನೋಡಬಲ್ಲ ಮೆಮೊರಿಯ ಒಂದೆಡೆ ಗುರುತು ಹಾಕುವುದು. ಆತಿಥೇಯನು ಕೂಗನ್ನು ಮುಟ್ಟಿಸುವ ಮುನ್ನ ಆ ಗುರುತನ್ನು ನೋಡಿ, ಬೇಡವೆಂದಿದ್ದರೆ ಬಾಕಿಯೆಂದು ಬರೆದಿಟ್ಟುಕೊಳ್ಳುವನು.

ಮೂರನೆಯದು ಮೆಮೊರಿ. ನಾಲ್ಕು ಅತಿಥಿಗಳ ನಂಬಿಕೆಯಲ್ಲಿಯೂ ಮೆಮೊರಿಯು ಸೊನ್ನೆಯ ಸ್ಥಾನದಿಂದಲೇ ಆರಂಭ. ಪ್ರತಿ ಗ್ರಾಮದಲ್ಲಿಯೂ ಸರ್ವೆ ನಂಬರು ೧ರಿಂದ ಮೊದಲಾಗುವುದು. ಆದರೂ ಒಂದು ಊರಿನ ೧೦ನೆಯ ನಂಬರಿಗೂ ಮತ್ತೊಂದು ಊರಿನ ೧೦ನೆಯ ನಂಬರಿಗೂ ಯಾರೂ ಭ್ರಮೆ ಪಡರು. ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಮೂರನ್ನು ಸೇರಿಸಿ ಓದಿದಲ್ಲದೆ ನಂಬರು ನೆಲವನ್ನು ತೋರಿಸಲಾರದು. ಅಂತೆಯೇ ಅತಿಥಿ ಹೇಳುವ ಪುಟಸಂಖ್ಯೆಯೊಡನೆ ‘ಯಾವ ಅತಿಥಿ’ ಎಂಬುದನ್ನು ಸೇರಿಸಿ ನಿಜವಾದ ಪುಟವನ್ನು ನಿರ್ಣಯಿಸುವವನು ಆತಿಥೇಯನು. ಅತಿಥಿಯು ತನ್ನ ಪುಟಪಟ್ಟಿಯನ್ನು ತಾನು ಬರೆದುಕೊಳ್ಳುವುದು. ಪ್ರೊಸೆಸರು ಮಾತ್ರ ಅದನ್ನು ಓದದು. ಅದು ಓದುವುದು ಆತಿಥೇಯನು ಬರೆದ ಬೇರೊಂದು ಛಾಯಾಪಟ್ಟಿಯನ್ನು. ಆ ಪಟ್ಟಿಯು ಮೊದಲು ಬರಿದಾಗಿರುವುದು. ಅತಿಥಿಯು ಒಂದು ಸ್ಥಾನವನ್ನು ಮುಟ್ಟಿದಾಗ ಪ್ರೊಸೆಸರು ‘ಇಲ್ಲ’ ಎನ್ನುವುದು; ಆತಿಥೇಯನು ಅತಿಥಿಯ ಪಟ್ಟಿಯನ್ನು ನೋಡಿ, ಅಲ್ಲಿ ದಾಖಲೆಯಿದ್ದರೆ, ಅದು ಆ ಅತಿಥಿಗೆ ಕೊಟ್ಟ ಎಲ್ಲೆಯೊಳಗೇ ಇದೆಯೇ ಎಂದು ಪರೀಕ್ಷಿಸಿ, ಛಾಯಾಪಟ್ಟಿಯಲ್ಲಿ ನಿಜಸ್ಥಾನವನ್ನು ತುಂಬುವನು. ಅತಿಥಿಯ ಪಟ್ಟಿಯಲ್ಲಿಯೂ ದಾಖಲೆಯಿಲ್ಲದಿದ್ದರೆ ದೋಷವನ್ನು ಅತಿಥಿಗೇ ಒಪ್ಪಿಸುವನು. ಎಲ್ಲೆ ಮೀರಿದ ದಾಖಲೆ ಕಂಡರೆ ಆ ಅತಿಥಿಯನ್ನೇ ಕೊನೆಗೊಳಿಸುವನು. ಉಳಿದ ಮೂರಕ್ಕೆ ಬಾಧೆಯಿಲ್ಲ. ದೃಷ್ಟಾಂತದ ಪಿರಿಯಾಪಟ್ಟಣದ ರೈತನ ಖಾತೆಯನ್ನು ಕಾಯುವುದು ಈ ಛಾಯಾಪಟ್ಟಿಯೇ.

ನಾಲ್ಕನೆಯದು ಉಪಕರಣ. ಅತಿಥಿಗೆ ಡಿಸ್ಕೆಂದು ತೋರುವುದು ಆತಿಥೇಯನ ಒಂದು ಕಡತವಷ್ಟೆ. ಅತಿಥಿಯು ಓದುಬರಹದ ಕೋರಿಕೆಗಳನ್ನು ಮೆಮೊರಿಯಲ್ಲಿ ಸಾಲಾಗಿ ಇಡುವುದು. ಲಾಂಚರು ಅವನ್ನು ತೆಗೆದುಕೊಂಡು ನೆರವೇರಿಸುವುದು. ಈ ಕೊಡುಕೊಳ್ಳುವ ಪದ್ಧತಿಗೆ ವರ್ಟ್‌ಐಒ ಎಂದು ಹೆಸರು. ಇದೂ ರಸ್ಟಿ ರಸೆಲರ ಕೃತಿಯೇ. ಎಲ್‌ಗೆಸ್ಟ್ ಹೋದರೂ ಇದು ಉಳಿದು ಇಂದು ಕೆ.ವಿ.ಎಂ. ಅತಿಥಿಗಳಿಗೆ ಆಧಾರವಾಗಿದೆ.

ಇಲ್ಲೊಂದು ಆಕ್ಷೇಪ ಬರಬಹುದು. ಹೈಪರ್‌ವೈಸರು ಕರ್ನೆಲ್ಲಿನೊಳಗೇ ಇದ್ದರೆ, ಅದರಲ್ಲಿಯೇ ದೋಷವಿದ್ದಾಗ ಗತಿಯೇನು? ಆಗ ನಾಲ್ಕು ಅತಿಥಿಗಳೂ ಒಮ್ಮೆಗೇ ಕೆಡುವುವು. ಇದನ್ನು ಅಲ್ಲಗಳೆಯಲಾಗದು. ಅತಿಥಿಯ ತಪ್ಪು ಅತಿಥಿಗೇ ಮುಗಿಯುವುದು, ಆತಿಥೇಯನ ತಪ್ಪು ಮನೆಗೆಲ್ಲ ತಗಲುವುದು. ನಿಯಾಮಕ ಭಾಗವು ಚಿಕ್ಕದಾಗಿಯೂ ಪರೀಕ್ಷೆಗೆ ಸುಲಭವಾಗಿಯೂ ಇರಬೇಕೆಂಬ ನಿರ್ಬಂಧಕ್ಕೆ ಇದೇ ಕಾರಣ. ಸರಳತೆಯು ಇಲ್ಲಿ ಅಲಂಕಾರವಲ್ಲ, ರಕ್ಷೆ.

ಕೊನೆಯದಾಗಿ ಪರಿಭಾಷೆಯ ಮಾತು. ವರ್ಚುವಲ್ ಎಂಬುದಕ್ಕೆ ‘ಮಿಥ್ಯಾ’ ಎಂದು ಪ್ರಯೋಗಿಸುವ ರೂಢಿಯೊಂದಿದೆ. ಅದು ಇಲ್ಲಿ ಹೊಂದದು. ಹಗ್ಗದಲ್ಲಿ ತೋರಿದ ಹಾವು ಯಾರನ್ನೂ ಕಚ್ಚಲಾರದು. ವರ್ಚುವಲ್ ಯಂತ್ರವು ಮಾಡಿದ ಸಂಕಲನವಾದರೋ ಸತ್ಯವಾದ ಸಂಕಲನವೇ, ಅದರಲ್ಲಿ ಬರೆದ ಪಹಣಿಯು ಪಹಣಿಯೇ. ಅಲ್ಲಿ ಆರೋಪಿತವಾಗಿರುವುದು ಯಂತ್ರತ್ವವಲ್ಲ, ಸ್ವಾಮ್ಯ ಮಾತ್ರ. ‘ಆದೇಶಯಂತ್ರ’ವೆಂದರೆ ಶಾಸ್ತ್ರಕ್ಕೆ ಸರಿಯಾದರೂ ಲೋಕದಲ್ಲಿ ಅಪ್ಪಣೆಯೆಂಬ ಅರ್ಥ ಮುಂದಾಗುವುದು. ಸೋಮಲತೆ ದೊರೆಯದಾಗ ಪೂತೀಕವನ್ನು ತಂದು ಯಾಗವನ್ನು ಸಾಂಗಗೊಳಿಸುವ ಮೀಮಾಂಸಕರ ‘ಪ್ರತಿನಿಧಿ’ ಶಬ್ದವು ಇವೆರಡಕ್ಕಿಂತ ಮೇಲು: ಪ್ರತಿನಿಧಿಯಿಂದ ನಡೆದ ಕರ್ಮವು ನಡೆದ ಕರ್ಮವೇ. ಪಾಠ ಹೇಳುವವರು ‘ಪ್ರತಿನಿಧಿಯಂತ್ರ’ವೆಂದು ಹೇಳಿದರೆ, ವಿದ್ಯಾರ್ಥಿಯು ಅದನ್ನು ಸುಳ್ಳೆಂದು ತಿಳಿಯದೆ, ಯಾರ ಪರವಾಗಿ, ಯಾವ ಎಲ್ಲೆಯೊಳಗೆ ಅದು ನಿಂತಿದೆಯೆಂದು ಕೇಳುವನು.