ಬಲೆಯ ಕಣ್ಣು

ಒಂದು ಸಂಜೆ ನಾವು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದೆವು. ಒಬ್ಬ ಹುಡುಗ ಬುಟ್ಟಿ ಹಿಡಿದು ಕೆರೆಯಿಂದ ಮೇಲೆ ಹತ್ತಿ ಬಂದ. ಬುಟ್ಟಿಯಲ್ಲಿ ಇಪ್ಪತ್ತು ಮೀನು. ಎಲ್ಲವೂ ಬೆರಳುದ್ದದ ಮರಿಗಳು. ಹಳೆಯ ಸೊಳ್ಳೆಪರದೆಯನ್ನೇ ಬಲೆ ಮಾಡಿಕೊಂಡು ಹಿಡಿದಿದ್ದ.

ಅವನ ತಾತ ಏರಿಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದರು. ಬುಟ್ಟಿಯೊಳಗೆ ಬಗ್ಗಿ ನೋಡಿದರು.

"ಎಷ್ಟು ತೂಕ ಬರ್ತದೋ ಮಗಾ?"

"ಕಾಲು ಕಿಲೋನೂ ಬರಲ್ಲ ತಾತ."

"ಇವನ್ನ ನೀರಲ್ಲೇ ಬಿಟ್ಟಿದ್ರೆ ಬರೋ ವರ್ಷ ಎಷ್ಟು ಬರ್ತಿತ್ತು? ಲೆಕ್ಕ ಹಾಕು ನೋಡೋಣ."

ಹುಡುಗ ಸುಮ್ಮನಾದ. ಆ ಲೆಕ್ಕವನ್ನು ನಾವೆಲ್ಲಾ ಸೇರಿ ಹಾಕೋಣ. ಅದಕ್ಕೆ ಮೊದಲು ಕೆರೆ, ಹೊಳೆಗಳಲ್ಲಿ ಮೀನು ಹಿಡಿಯುವ ಬಗೆಗಳನ್ನು ತಿಳಿಯೋಣ.

ಗಾಳ

ಗಾಳ ಎಲ್ಲರಿಗೂ ಗೊತ್ತು. ಒಂದು ಕೋಲು, ಒಂದು ದಾರ, ದಾರದ ತುದಿಗೆ ಕೊಕ್ಕೆ. ಕೊಕ್ಕೆಯ ಮೊನೆಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದೆ. ಮೀನು ಒದ್ದಾಡಿದರೂ ಕಳಚದಂತೆ ಅದು ತಡೆಯುತ್ತದೆ. ಕೊಕ್ಕೆ ನೀರಲ್ಲಿ ಇಳಿಯಲಿ ಅಂತ ಸೀಸದ ಗುಂಡು ಕಟ್ಟುತ್ತಾರೆ. ಮೇಲೆ ತೇಲಲು ಒಂದು ಬೆಂಡು. ಬೆಂಡು ಮುಳುಗಿದರೆ ಮೀನು ಕಚ್ಚಿದೆ ಅಂತ ಅರ್ಥ.

ಆದರೆ ಗಾಳವನ್ನು ಎಷ್ಟು ಆಳಕ್ಕೆ ಬಿಡಬೇಕು? ಇದು ಮೀನಿನ ಊಟದ ಮೇಲೆ ನಿಂತಿದೆ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ ಮೀನು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುವಿನ ನೀರಿನಲ್ಲಿ ಮೇಯುತ್ತದೆ. ಮೃಗಾಲ್ ತಳದ ಕೆಸರಿನ ಹತ್ತಿರ ಮೇಯುತ್ತದೆ. ಒಂದೇ ಕೆರೆ, ಮೂರು ಅಂತಸ್ತು. ಯಾವ ಮೀನು ಬೇಕೋ ಆ ಅಂತಸ್ತಿಗೆ ಬೆಂಡನ್ನು ಹೊಂದಿಸಬೇಕು.

ಎರೆ ಏನು? ಎರೆಹುಳು, ಹಿಟ್ಟಿನ ಉಂಡೆ, ಸಣ್ಣ ಕಪ್ಪೆ. ಒಂದೊಂದು ಮೀನಿಗೆ ಒಂದೊಂದು ರುಚಿ. ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಮೀನನ್ನು ರಾಗಿ ಹಿಟ್ಟಿನ ಉಂಡೆ ಹಾಕಿಯೇ ಹಿಡಿಯುತ್ತಿದ್ದರು. ನಾವು ಉಣ್ಣುವ ರಾಗಿಯೇ ಅದಕ್ಕೂ ಇಷ್ಟ!

ಗಾಳದಲ್ಲಿ ಒಂದು ಒಳ್ಳೆಯ ಗುಣ ಇದೆ. ಒಂದು ಸಲಕ್ಕೆ ಒಂದೇ ಮೀನು ಬರುತ್ತದೆ. ಮರಿ ಬಂದರೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಬಿಡಿಸಿ ನೀರಿಗೆ ಬಿಡಬಹುದು. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ. ಲೋಳೆ ಹೋದರೆ ಮೀನಿಗೆ ರೋಗ ಬೇಗ ಹತ್ತುತ್ತದೆ.

ಬೀಸುಬಲೆ

ಬೀಸುಬಲೆ ದುಂಡಗೆ ಇರುತ್ತದೆ. ಅಂಚಿನ ಸುತ್ತ ಸೀಸದ ಗುಂಡುಗಳು. ನಡುವಿನ ಹಗ್ಗ ಬೀಸುವವನ ಕೈಯಲ್ಲಿ. ಬೀಸಿದಾಗ ಬಲೆ ಕೊಡೆಯ ಹಾಗೆ ಬಿಚ್ಚಿಕೊಂಡು ನೀರಿನ ಮೇಲೆ ಬೀಳಬೇಕು. ಸೀಸದ ಭಾರಕ್ಕೆ ಅಂಚು ತಳಕ್ಕೆ ಇಳಿಯುತ್ತದೆ. ಒಳಗಿದ್ದ ಮೀನು ಸಿಕ್ಕಿಬೀಳುತ್ತದೆ. ಆಮೇಲೆ ಹಗ್ಗವನ್ನು ಅವಸರವಿಲ್ಲದೆ ಎಳೆಯಬೇಕು. ಆಳ ಕಡಿಮೆ ಇರುವ ಕಡೆ, ಕಲ್ಲು ಮುಳ್ಳು ಇಲ್ಲದ ಕಡೆ ಈ ಬಲೆ ಚೆನ್ನಾಗಿ ನಡೆಯುತ್ತದೆ.

ಕಿವಿರು ಬಲೆ

ದೊಡ್ಡ ಕೆರೆ, ಜಲಾಶಯಗಳಲ್ಲಿ ಹರಿಗೋಲು ಹತ್ತಿ ಹೋಗಿ ಉದ್ದ ಬಲೆ ಬಿಡುತ್ತಾರೆ. ಮೇಲಂಚಿಗೆ ಬೆಂಡು, ಕೆಳಂಚಿಗೆ ಭಾರ. ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ.

ಈ ಬಲೆಯಲ್ಲಿ ಮೀನು ಹೇಗೆ ಸಿಗುತ್ತದೆ? ಕತ್ತಲಲ್ಲಿ ಮೀನಿಗೆ ಬಲೆ ಕಾಣೋದಿಲ್ಲ. ತಲೆ ತೂರಿಸುತ್ತದೆ. ಮೈ ಮುಂದೆ ಹೋಗೋದಿಲ್ಲ. ಹಿಂದೆ ಸರಿಯಲು ಹೋದರೆ ಕಿವಿರಿಗೆ ದಾರ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಇದು ಕಿವಿರು ಬಲೆ. ತೀರಾ ಸಣ್ಣ ಮೀನು ಕಣ್ಣಿನಲ್ಲಿ ನುಸುಳಿ ಪಾರಾಗುತ್ತದೆ. ತೀರಾ ದೊಡ್ಡದರ ತಲೆ ಒಳಗೆ ಹೋಗುವುದೇ ಇಲ್ಲ.

ಈಗ ಗೊತ್ತಾಯಿತಲ್ಲ? ಯಾವ ಮೀನು ಸಾಯಬೇಕು, ಯಾವುದು ಉಳಿಯಬೇಕು ಅಂತ ತೀರ್ಮಾನ ಮಾಡುವುದು ಬಲೆಯ ಕಣ್ಣು.

ಕಣ್ಣನ್ನು ಅಳೆಯುವುದು ಸುಲಭ. ಒಂದು ಕಣ್ಣಿನ ಎದುರು ಬದುರು ಗಂಟುಗಳನ್ನು ಹಿಡಿದು ಬಿಗಿಯಾಗಿ ಎಳೆಯಿರಿ. ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಎಷ್ಟು ದೂರವೋ ಅದೇ ಕಣ್ಣಿನ ಅಳತೆ. ಬಲೆ ಕೊಳ್ಳುವಾಗ ಅಂಗಡಿಯಲ್ಲೇ ಹೀಗೆ ಅಳೆದು ನೋಡಿ.

ತಾತ ಹೇಳಿದ ಲೆಕ್ಕ

ಬೆರಳುದ್ದದ ಒಂದು ಮರಿ ಸುಮಾರು 10 ಗ್ರಾಂ ತೂಗುತ್ತದೆ. ಇಪ್ಪತ್ತು ಮರಿಗೆ 200 ಗ್ರಾಂ. ಒಂದು ಹೊತ್ತಿನ ಸಾರಿಗೂ ಸಾಲದು.

ಈ ಮರಿಗಳು ಕಾಟ್ಲಾ, ರೋಹು ಜಾತಿಯವು ಅಂತ ಇಟ್ಟುಕೊಳ್ಳಿ. ಒಳ್ಳೆಯ ಮೇವು ಸಿಕ್ಕಿದರೆ ಒಂದು ವರ್ಷದಲ್ಲಿ ಒಂದೊಂದೂ ಸುಮಾರು ಒಂದು ಕಿಲೋ ಆಗುತ್ತದೆ. ಹಕ್ಕಿ ತಿಂದು, ದೊಡ್ಡ ಮೀನು ತಿಂದು ಅರ್ಧ ಹೋದವು ಅನ್ನಿ. ಆದರೂ ಹತ್ತು ಮೀನು, ಹತ್ತು ಕಿಲೋ! 200 ಗ್ರಾಂ ಎಲ್ಲಿ, ಹತ್ತು ಕಿಲೋ ಎಲ್ಲಿ? ಹುಡುಗನ ಬುಟ್ಟಿಯಲ್ಲಿ ಇದ್ದದ್ದು ಬರುವ ವರ್ಷದ ದುಡಿಮೆ.

ಇನ್ನೊಂದು ಮಾತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದಲ್ಲಿ ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುತ್ತವೆ. ನಿಂತ ನೀರಿನ ಕೆರೆಯಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಹಾಗಾದರೆ ಕೆರೆಗೆ ಮರಿ ಎಲ್ಲಿಂದ ಬರುತ್ತದೆ? 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಂದು ದಾರಿ ಕಂಡುಹಿಡಿದರು. ಮೀನಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಈಗ ಮೀನುಮರಿ ಕೇಂದ್ರಗಳಲ್ಲಿ ಚುಚ್ಚುಮದ್ದಿನಿಂದಲೇ ಮರಿ ಮಾಡಿಸುತ್ತಾರೆ. ಭದ್ರಾ ಜಲಾಶಯದ ಬಳಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಬಳಿ ಇಂಥ ಕೇಂದ್ರಗಳಿವೆ. ಅಲ್ಲಿಂದ ದುಡ್ಡು ಕೊಟ್ಟು ತಂದ ಮರಿಯನ್ನು ಸೊಳ್ಳೆಪರದೆಯಲ್ಲಿ ಸೋಸಿ ತೆಗೆದರೆ ಬಿತ್ತಿದ ಬೀಜವನ್ನೇ ಕೆದಕಿ ತಿಂದಂತೆ.

ಹತ್ತುಮೀನು ಮತ್ತು ಕೊರಮೀನು

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಹೊಸನೀರು ಬಂದಾಗ ಹೊಳೆಯ ಮೀನು ಹಳ್ಳ, ಗದ್ದೆಗಳ ಕಡೆಗೆ ಮೇಲೆ ಹತ್ತುತ್ತವೆ. ಅದಕ್ಕೇ ಹತ್ತುಮೀನು ಅಂತ ಹೆಸರು. ನೀರು ಹರಿಯುವ ಕಂಡಿಯಲ್ಲಿ ಬಿದಿರು ಕಡ್ಡಿಯಿಂದ ಹೆಣೆದ ಕೂಣಿ ಇಡುತ್ತಾರೆ. ಕೂಣಿಯ ಬಾಯಿಯಲ್ಲಿ ಕಡ್ಡಿಗಳು ಒಳಮುಖವಾಗಿ ಇರುತ್ತವೆ. ಒಳಗೆ ಹೋದ ಮೀನು ಹೊರಗೆ ಬರಲಾರದು.

ಈ ಮೀನು ಯಾಕೆ ಹತ್ತುತ್ತದೆ? ಮೊಟ್ಟೆ ಇಡಲು. ಅದರ ಹೊಟ್ಟೆಯಲ್ಲಿ ಸಾವಿರ ಸಾವಿರ ಮೊಟ್ಟೆ ಇರುತ್ತವೆ. ಊಟಕ್ಕೆ ನಾಲ್ಕು ಹಿಡಿಯುವುದು ಬೇರೆ. ಹಳ್ಳದ ಅಗಲಕ್ಕೂ ಅಡ್ಡ ಕಟ್ಟಿ ಎಲ್ಲವನ್ನೂ ಹಿಡಿಯುವುದು ಬೇರೆ. ಅರ್ಧ ಹಳ್ಳವನ್ನಾದರೂ ಬಿಟ್ಟುಕೊಡೋಣ.

ಕೊರಮೀನಿನ ತಲೆ ಹಾವಿನ ತಲೆಯ ಹಾಗೆ ಇರುತ್ತದೆ. ಇದು ಮರಿಗಳನ್ನು ಕಾಯುವ ಮೀನು. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಗಿಜಿಗಿಜಿ ಅಂದರೆ ಕೆಳಗೆ ತಂದೆತಾಯಿ ಇವೆ ಅಂತ ತಿಳಿಯಿರಿ. ಆ ಗುಂಪಿನ ನಡುವೆ ಗಾಳ ಹಾಕಿದರೆ ದೊಡ್ಡ ಮೀನು ಮರಿ ಕಾಯಲು ಬಂದು ಕಚ್ಚುತ್ತದೆ. ಹಿಡಿಯುವುದು ಸುಲಭ. ಆದರೆ ಕಾಯುವವರು ಹೋದ ಮೇಲೆ ಮರಿಗಳ ಗತಿ ಏನು? ಬೇರೆ ಮೀನುಗಳ ಬಾಯಿಗೆ ತುತ್ತು. ಆ ಹೊತ್ತಿನಲ್ಲಿ ಗಾಳ ಹಾಕಬೇಡಿ.

ಇವನ್ನು ಮಾಡಲೇಬಾರದು

ಕೆಲವರು ನೀರಿಗೆ ತೋಟೆ ಸಿಡಿಸುತ್ತಾರೆ. ಕೆಲವರು ವಿಷ ಕಲಸುತ್ತಾರೆ. ತೋಟೆಗೆ ದೊಡ್ಡದು ಚಿಕ್ಕದು ಅನ್ನುವ ಭೇದ ಇಲ್ಲ. ಸತ್ತ ಮೀನಿನಲ್ಲಿ ಎಷ್ಟೋ ತಳಕ್ಕೆ ಮುಳುಗಿ ಕೊಳೆಯುತ್ತವೆ. ಕೈ, ಕಣ್ಣು ಕಳೆದುಕೊಂಡ ಮನುಷ್ಯರೂ ಇದ್ದಾರೆ. ವಿಷ ಹಾಕಿದ ನೀರನ್ನೇ ನಮ್ಮ ದನಕರು ಕುಡಿಯುತ್ತವೆ. ಈ ಎರಡೂ ಅಪರಾಧ ಅಂತ 1897ರಷ್ಟು ಹಿಂದೆಯೇ ಕಾನೂನು ಬಂದಿದೆ. ಕರೆಂಟು ತಂತಿ ಬಿಡುವುದಂತೂ ಪ್ರಾಣದ ಜೊತೆ ಆಟ.

ಹೀಗೆಲ್ಲಾ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಹಶೀರ್ ಸಾಕ್ಷಿ. 1946ರಲ್ಲಿ ಮೈಸೂರು ಸೀಮೆಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೋ. ಒಬ್ಬ ಆಳಿನ ತೂಕ! ತೋಟೆಯಿಂದ, ವಿಷದಿಂದ, ಅಣೆಕಟ್ಟುಗಳಿಂದ, ನದಿಯ ಮರಳು ತೆಗೆದದ್ದರಿಂದ ಆ ಮೀನು ಕರಗುತ್ತಾ ಬಂತು. ಕಾವೇರಿಯ ಈ ದೊಡ್ಡ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಬಲೆಯ ಆರೈಕೆ

ಹಿಂದೆ ಹತ್ತಿ ನೂಲಿನ ಬಲೆ ಇತ್ತು. ನೀರಲ್ಲಿ ಕಳೆದರೆ ಕೊಳೆತು ಹೋಗುತ್ತಿತ್ತು. ಈಗಿನ ನೈಲಾನ್ ಬೇಗ ಕೊಳೆಯುವುದಿಲ್ಲ. ಕಳೆದುಹೋದ ಬಲೆ ವರ್ಷಗಟ್ಟಲೆ ನೀರಿನಲ್ಲಿ ಮೀನು ಕೊಲ್ಲುತ್ತಲೇ ಇರುತ್ತದೆ. ಅದರಿಂದ ಯಾರಿಗೂ ಲಾಭವಿಲ್ಲ. ಹರಿದ ಬಲೆಯನ್ನು ಕೆರೆಗೆ ಎಸೆಯಬೇಡಿ. ಬಲೆಯನ್ನು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ನೈಲಾನ್ ಸವೆದು ಬೇಗ ಹರಿಯುತ್ತದೆ.

ಮತ್ತೆ ಆ ತಾತನ ಹತ್ತಿರ ಹೋಗೋಣ. ಕೈಯಲ್ಲಿ ಬಲೆ ಹೆಣೆಯುವವರು ಒಂದು ಬಿದಿರು ಪಟ್ಟಿ ಇಟ್ಟುಕೊಳ್ಳುತ್ತಾರೆ. ಪಟ್ಟಿಗೆ ದಾರ ಸುತ್ತಿ ಗಂಟು ಹಾಕುತ್ತಾರೆ. ಪಟ್ಟಿ ಅಗಲ ಇದ್ದರೆ ಕಣ್ಣು ದೊಡ್ಡದು. ಪಟ್ಟಿ ಕಿರಿದಾದರೆ ಕಣ್ಣು ಚಿಕ್ಕದು. ಅವತ್ತು ತಾತ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಅಗಲವಾದ ಪಟ್ಟಿಯನ್ನು ಅವನ ಕೈಗೆ ಕೊಟ್ಟರು.

"ಇದು ನಮ್ಮಪ್ಪ ಸೀಳಿದ ಪಟ್ಟಿ ಮಗಾ. ಇದರಲ್ಲಿ ಹೆಣೆದ ಬಲೆಯಿಂದ ನಾನೂ ಉಂಡೆ, ನಿಮ್ಮಪ್ಪನೂ ಉಂಡ. ಈಗ ನೀನು ಹಿಡಿ."

ಹುಡುಗ ಮೊದಲ ಗಂಟು ಹಾಕಿದ. ಗಂಟು ಸಡಿಲವಾಗಿತ್ತು. ತಾತ ಬಿಚ್ಚಿ ಮತ್ತೆ ಹಾಕಿಸಿದರು.