ಎಲ್ಲ ಟೆಸ್ಟ್ ಪಾಸ್ ಆದ ಮೇಲೂ ಆಪ್ ಕೈಕೊಡುವುದೇಕೆ?

2024ರ ಜುಲೈ 19, ಶುಕ್ರವಾರ. ಜಗತ್ತಿನ ನೂರಾರು ಊರುಗಳಲ್ಲಿ ಕಂಪ್ಯೂಟರ್ ಪರದೆಗಳು ಒಮ್ಮೆಗೇ ನೀಲಿಯಾಗಿ ನಿಂತುಬಿಟ್ಟವು. ಬ್ಯಾಂಕು, ಆಸ್ಪತ್ರೆ, ಟೀವಿ ವಾಹಿನಿಗಳ ಕೆಲಸ ಅಸ್ತವ್ಯಸ್ತವಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಅದರ ಫೋಟೋ ನಿಮ್ಮ ವಾಟ್ಸ್‌ಆಪ್ ಗುಂಪಿಗೂ ಬಂದಿದ್ದಿರಬಹುದು. ಇದು ಸೈಬರ್ ದಾಳಿಯೇ ಇರಬೇಕು ಎಂಬ ಅನುಮಾನವೂ ಅದರ ಜೊತೆಗೇ ಹಬ್ಬಿತು.

ಅದು ದಾಳಿಯಾಗಿರಲಿಲ್ಲ. ಕಂಪ್ಯೂಟರುಗಳನ್ನು ದಾಳಿಯಿಂದ ಕಾಪಾಡಬೇಕಿದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟ್‌ನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಇದರಿಂದ ಕುಸಿದವು.

ಹಾಗಾದರೆ ಅದನ್ನು ಪರೀಕ್ಷಿಸಿಯೇ ಇರಲಿಲ್ಲವೇ? ಪರೀಕ್ಷೆಗಳಿದ್ದವು, ಪಾಸೂ ಆಗಿದ್ದವು. ಸಂಸ್ಥೆಯೇ ಆಮೇಲೆ ಪ್ರಕಟಿಸಿದ ವರದಿಯ ಪ್ರಕಾರ, ಆ ತಂತ್ರಾಂಶದ ಒಂದು ಭಾಗ 21 ಮಾಹಿತಿಗಳನ್ನು ನಿರೀಕ್ಷಿಸುತ್ತಿತ್ತು, ಅದಕ್ಕೆ ಮಾಹಿತಿ ಒದಗಿಸುವ ಇನ್ನೊಂದು ಭಾಗ ಕೊಡುತ್ತಿದ್ದದ್ದು 20 ಮಾತ್ರ. ಪರೀಕ್ಷೆಯಲ್ಲಿ 21ನೆಯ ಜಾಗದ ಎದುರು 'ಇಲ್ಲಿ ಏನಿದ್ದರೂ ಸರಿ' ಎಂಬರ್ಥದ ಗುರುತಿತ್ತು. ಏನಿದ್ದರೂ ಸರಿ ಎಂದ ಮೇಲೆ ಅಲ್ಲಿ ನಿಜಕ್ಕೂ ಏನಾದರೂ ಇದೆಯೇ ಎಂದು ನೋಡುವ ಪ್ರಸಂಗವೇ ಬರಲಿಲ್ಲ. ಜುಲೈ 19ರ ಅಪ್‌ಡೇಟ್ ಮೊದಲ ಬಾರಿಗೆ ಆ ಜಾಗವನ್ನು ನಿಜವಾಗಿ ಓದಲು ಹೋಯಿತು. ಇಲ್ಲದ್ದನ್ನು ಓದಲು ಹೋದ ಕಂಪ್ಯೂಟರು ಬಿದ್ದುಹೋಯಿತು.

ಅಂದರೆ ಟೆಸ್ಟ್ ಪಾಸ್ ಆಗಿದೆ ಎನ್ನುವುದಕ್ಕೂ ತಂತ್ರಾಂಶ ಸರಿಯಿದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಆಪ್‌ಗಳನ್ನು ಪರೀಕ್ಷಿಸುವುದು ಸರಿ, ಆದರೆ ಆ ಪರೀಕ್ಷೆಗಳನ್ನು ಪರೀಕ್ಷಿಸುವವರು ಯಾರು? ತಂತ್ರಾಂಶ ತಂಡಗಳು 'ಅಜೈಲ್' ಎಂಬ ವಿಧಾನಕ್ಕೆ ಹೊರಳುವಾಗ ಈ ಪ್ರಶ್ನೆ ಇನ್ನಷ್ಟು ಮುಖ್ಯವಾಗುತ್ತದೆ.

ಅಜೈಲ್ ಎಂದರೇನು?

ಹಿಂದೆ ತಂತ್ರಾಂಶ ತಯಾರಿಕೆ ಒಂದರ ಹಿಂದೆ ಒಂದು ಹಂತದಂತೆ ನಡೆಯುತ್ತಿತ್ತು. ಮೊದಲು ಏನು ಬೇಕೆಂದು ಬರೆದಿಡುವುದು, ಆಮೇಲೆ ವಿನ್ಯಾಸ, ಆಮೇಲೆ ಪ್ರೋಗ್ರಾಮ್ ಬರೆಯುವುದು, ಎಲ್ಲ ಮುಗಿದ ಮೇಲೆ ಕೆಲವು ವಾರಗಳ ಪರೀಕ್ಷೆ. ಮದುವೆ ಮನೆಯ ಸಾರನ್ನು ಎಲೆಗೆ ಬಡಿಸುವ ಹೊತ್ತಿಗೆ ರುಚಿ ನೋಡಿದ ಹಾಗೆ! ಉಪ್ಪು ಹೆಚ್ಚಾಗಿದ್ದರೆ ಆಗ ಮಾಡುವುದೇನು?

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಮಂದಿ ತಂತ್ರಾಂಶ ತಜ್ಞರು ಬೇರೆಯೇ ದಾರಿಯನ್ನು ಸೂಚಿಸುವ ಪ್ರಣಾಳಿಕೆಯೊಂದನ್ನು ಹೊರತಂದರು. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಆಗಾಗ್ಗೆ ಬಳಕೆದಾರರ ಮುಂದಿಟ್ಟು, ಅವರ ಅಭಿಪ್ರಾಯದಂತೆ ತಿದ್ದುತ್ತಾ ಹೋಗುವುದು ಅದರ ತಿರುಳು. ಇಂದು ಬಹಳಷ್ಟು ತಂಡಗಳು ಎರಡು ವಾರಕ್ಕೊಮ್ಮೆ ಒಂದು ಕಂತು ಕೆಲಸ ಮುಗಿಸುತ್ತವೆ. ಈ ಕಂತಿಗೆ 'ಸ್ಪ್ರಿಂಟ್' ಎಂದು ಹೆಸರು. ನಿಮ್ಮ ಫೋನಿನ ಆಪ್‌ಗಳು ಪದೇಪದೇ ಅಪ್‌ಡೇಟ್ ಕೇಳುವುದರ ಹಿಂದೆ ಇಂತಹ ಕೆಲಸದ ಕ್ರಮವೂ ಇದೆ.

ಪ್ರತಿ ಕಂತಿನಲ್ಲೂ ಹೊಸದು ಸೇರುತ್ತದೆ. ಹೊಸದು ಸೇರಿದಾಗ ಹಳೆಯದು ಕೆಡಬಹುದು. ಆದ್ದರಿಂದ ಪ್ರತಿ ಸಲವೂ ಹಳೆಯದನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಇದನ್ನು ಕೈಯಿಂದ ಮಾಡುತ್ತಾ ಕೂತರೆ ಎರಡು ವಾರ ಅದಕ್ಕೇ ಸಾಲದು. ಹಾಗಾಗಿ ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸುತ್ತಾರೆ. ಇದೇ ಟೆಸ್ಟ್ ಆಟೋಮೇಶನ್, ಅಂದರೆ ಸ್ವಯಂಚಾಲಿತ ಪರೀಕ್ಷೆ.

ನಂಬಿಕೆ 1: ಹಳೆಯ ಪರೀಕ್ಷೆಗಳನ್ನೇ ಹೆಚ್ಚು ಸಲ ಓಡಿಸಿದರಾಯಿತು

ಇದು ಸಾಮಾನ್ಯವಾದ ತಪ್ಪು. ಹಳೆಯ ಪದ್ಧತಿಯಲ್ಲಿ ಬರೆದ ಪರೀಕ್ಷೆಗಳು ಬಹುಮಟ್ಟಿಗೆ ಪರದೆಯ ಮೂಲಕ ಕೆಲಸ ಮಾಡುತ್ತವೆ: ಇಲ್ಲಿ ಕ್ಲಿಕ್ ಮಾಡು, ಇದನ್ನು ಟೈಪಿಸು, ಆ ಸಂದೇಶ ಬಂತೇ ನೋಡು. ಅವು ರಾತ್ರಿಯಿಡೀ ಓಡಿ ಬೆಳಿಗ್ಗೆ ಫಲಿತಾಂಶ ಕೊಟ್ಟರೂ ಆಗ ನಡೆಯುತ್ತಿತ್ತು. ಅಜೈಲ್ ತಂಡದಲ್ಲಿ ದಿನಕ್ಕೆ ಹತ್ತು ಬದಲಾವಣೆಗಳು ಸೇರಬಹುದು. ನಾಳೆ ಬೆಳಿಗ್ಗೆ 'ಏನೋ ಕೆಟ್ಟಿದೆ' ಎಂದರೆ, ಹತ್ತರಲ್ಲಿ ಕೆಡಿಸಿದ್ದು ಯಾವುದು ಎಂದು ಹುಡುಕುವುದೇ ಒಂದು ದಿನದ ಕೆಲಸ.

ಇನ್ನೊಂದು ತೊಂದರೆಯೂ ಇದೆ. ಈ ಸ್ಪ್ರಿಂಟ್‌ನಲ್ಲಿ ಎಡಗಡೆಯಿದ್ದ ಬಟನ್ ಮುಂದಿನ ಸ್ಪ್ರಿಂಟ್‌ನಲ್ಲಿ ಬಲಕ್ಕೆ ಹೋದರೆ, ಆಪ್ ಸರಿಯಿದ್ದರೂ ಅಂತಹ ಪರೀಕ್ಷೆ ಫೇಲ್ ಎನ್ನಬಹುದು. ಕೆಲವು ಪರೀಕ್ಷೆಗಳಂತೂ ಏನೂ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತವೆ. ತನ್ನ ಪರೀಕ್ಷೆಗಳಲ್ಲಿ ಸುಮಾರು 16%ರಷ್ಟಕ್ಕೆ ಇಂತಹ ಚಂಚಲತೆ ಒಂದಲ್ಲ ಒಂದು ಮಟ್ಟದಲ್ಲಿದೆ ಎಂದು ಗೂಗಲ್ 2016ರಲ್ಲಿ ಹೇಳಿಕೊಂಡಿತ್ತು. ಗೂಗಲ್‌ನದೇ ಈ ಕತೆ!

ತೋಳ ಬಂತು ತೋಳ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕತೆ ನಮಗೆಲ್ಲ ಗೊತ್ತು. ಇಲ್ಲೂ ಅದೇ ಆಗುತ್ತದೆ. 'ಆ ಟೆಸ್ಟ್ ಯಾವಾಗಲೂ ಹಾಗೇ, ಬಿಡಿ' ಎಂದು ತಂಡ ಹೇಳಲು ಶುರುಮಾಡಿದ ದಿನ ಆ ಪರೀಕ್ಷೆ ಇದ್ದೂ ಇಲ್ಲದ ಹಾಗೆ. ನಿಜವಾದ ತೋಳ ಬರುವುದು ಆಮೇಲೆ.

ನಂಬಿಕೆ 2: ಇಷ್ಟು ವರ್ಷ ಕೆಲಸ ಮಾಡಿದೆ, ಇನ್ನು ನೋಡುವುದೇನಿದೆ?

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ಸ್ಫೋಟಿಸಿತು. ಅದರಲ್ಲಿ ಬಳಸಿದ್ದ ಒಂದು ತಂತ್ರಾಂಶ ಅದರ ಹಿಂದಿನ ಏರಿಯಾನ್ 4ರಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಹೊಸ ರಾಕೆಟ್ಟಿನ ಹಾರಾಟದ ಪಥ ಬೇರೆ, ಅದರ ವೇಗದ ಒಂದು ಅಂಕಿ ದೊಡ್ಡದು. ತನಗೆ ಗೊತ್ತುಮಾಡಿದ್ದ ಪುಟ್ಟ ಜಾಗದಲ್ಲಿ ಆ ಅಂಕಿ ಹಿಡಿಸಲಿಲ್ಲ. ಹೊಸ ಪಥದ ಮಾಹಿತಿ ಕೊಟ್ಟು ಆ ತಂತ್ರಾಂಶವನ್ನು ಮೊದಲೇ ಪರೀಕ್ಷಿಸಿರಲಿಲ್ಲ ಎನ್ನುವುದು ತನಿಖೆಯಲ್ಲಿ ಕಂಡುಬಂತು.

ಪರಿಸ್ಥಿತಿ ಬದಲಾದಾಗ ಹಳೆಯ 'ಸರಿ'ಯನ್ನು ಮತ್ತೊಮ್ಮೆ ಪ್ರಶ್ನಿಸಬೇಕು. ಅಜೈಲ್‌ಗೆ ಹೊರಳುವುದೆಂದರೆ ಅಂಥದ್ದೇ ಬದಲಾವಣೆ.

ಹಾಗಾದರೆ ಏನನ್ನು ಪರಿಶೀಲಿಸಬೇಕು?

ಇದಕ್ಕಾಗಿ ತಂಡ ಕೂತು ಪ್ರತಿ ಪರೀಕ್ಷೆಗೂ ಕೆಲವು ನೇರ ಪ್ರಶ್ನೆಗಳನ್ನು ಹಾಕಬೇಕಾಗುತ್ತದೆ.

ಮೊದಲನೆಯದು, ಇದು ಯಾವ ತಪ್ಪನ್ನು ಹಿಡಿಯಲು ಇದೆ? ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೆ ಆ ಪರೀಕ್ಷೆಯ ಮೂಲ ಹುಡುಕಬೇಕು. ಆ ಸೌಲಭ್ಯವೇ ಈಗ ಆಪ್‌ನಲ್ಲಿ ಇಲ್ಲವೆಂದಾದರೆ ಪರೀಕ್ಷೆಯನ್ನೂ ಕೈಬಿಡಬಹುದು.

ಎರಡನೆಯದು, ಫೇಲ್ ಆದರೆ ನಾವು ನಂಬುತ್ತೇವೆಯೇ? ನಂಬದಿದ್ದರೆ ರಿಪೇರಿ ಮಾಡಬೇಕು. ರಿಪೇರಿ ಆಗುವವರೆಗೆ ಬೇರೆ ಇಡಬೇಕು, ಮರೆಯಬಾರದು.

ಮೂರನೆಯದು, ಇದನ್ನು ಪರದೆಯ ಮೂಲಕವೇ ನೋಡಬೇಕೇ? ಬಸ್ ಟಿಕೆಟ್ ಆಪ್ ಒಂದನ್ನು ಊಹಿಸಿಕೊಳ್ಳಿ. ಎಷ್ಟು ಗಂಟೆ ಮೊದಲು ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಎಂಬ ಲೆಕ್ಕಕ್ಕೆ ಹತ್ತಾರು ನಿಯಮಗಳಿವೆ. ಪ್ರತಿ ನಿಯಮಕ್ಕೂ ಲಾಗಿನ್ ಆಗಿ, ಸೀಟು ಆರಿಸಿ, ರದ್ದು ಮಾಡಿ ನೋಡುವ ಬದಲು ಲೆಕ್ಕ ಮಾಡುವ ತುಣುಕನ್ನೇ ನೇರವಾಗಿ ಪರೀಕ್ಷಿಸಿದರೆ ಕೆಲವೇ ಸೆಕೆಂಡು ಸಾಕು. ಪರದೆಯ ಮೂಲಕ ಒಂದೆರಡು ಪರೀಕ್ಷೆ ಇದ್ದರಾಯಿತು. ಅಡಿಯಲ್ಲಿ ಇಂತಹ ಪುಟ್ಟ, ವೇಗದ ಪರೀಕ್ಷೆಗಳು ಹೆಚ್ಚು, ತುದಿಯಲ್ಲಿ ಪರದೆಯ ಪರೀಕ್ಷೆಗಳು ಕಡಿಮೆ ಇರಬೇಕೆಂಬ ಈ ಚಿತ್ರಕ್ಕೆ 'ಟೆಸ್ಟ್ ಪಿರಮಿಡ್' ಎಂದು ಹೆಸರು. ಮೈಕ್ ಕೋನ್ ಎಂಬ ತಜ್ಞ 2009ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಹಳೆಯ ಪದ್ಧತಿಯಿಂದ ಬಂದ ತಂಡಗಳಲ್ಲಿ ಈ ಪಿರಮಿಡ್ ಎಷ್ಟೋ ಸಲ ತಲೆಕೆಳಗಾಗಿರುತ್ತದೆ.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ: ತಪ್ಪಿದ್ದರೆ ಇದು ನಿಜಕ್ಕೂ ಹಿಡಿಯುತ್ತದೆಯೇ? ಪತ್ತೆಹಚ್ಚುವ ದಾರಿ ಸರಳ. ಬೇಕೆಂದೇ ಒಂದು ತಪ್ಪು ಮಾಡಿ ನೋಡುವುದು. ವಾಪಸ್ ಕೊಡಬೇಕಾದ ಹಣದ ಲೆಕ್ಕದಲ್ಲಿ ಕೂಡಿಸುವ ಕಡೆ ಕಳೆಯಿರಿ. ಆಗಲೂ ಎಲ್ಲ ಟೆಸ್ಟ್ ಪಾಸ್ ಎಂದರೆ ನಿಮ್ಮ ಕಾವಲುಗಾರ ನಿದ್ದೆಹೋಗಿದ್ದಾನೆ ಎಂದರ್ಥ. 'ಮ್ಯುಟೇಶನ್ ಟೆಸ್ಟಿಂಗ್' ಎಂಬ ಈ ಉಪಾಯ 1970ರ ದಶಕದಿಂದಲೂ ಇದೆ. ಶೇಕಡಾ ನೂರರಷ್ಟು ಪ್ರೋಗ್ರಾಮ್ ಪರೀಕ್ಷೆಯಲ್ಲಿ ಓಡಿದೆ ಎಂಬ ಅಂಕಿಗಿಂತ ಇದು ಹೆಚ್ಚು ಸತ್ಯ ಹೇಳುತ್ತದೆ. ಏಕೆಂದರೆ ಓಡಿದ ಮಾತ್ರಕ್ಕೆ ಉತ್ತರ ಸರಿಯಿದೆಯೇ ಎಂದು ನೋಡಿದಂತಾಗುವುದಿಲ್ಲ.

ಇದು ಒಂದೇ ಸಲ ಮಾಡಿ ಮುಗಿಸುವ ಕೆಲಸವೂ ಅಲ್ಲ. ಪ್ರತಿ ಸ್ಪ್ರಿಂಟ್‌ನ ಕೊನೆಗೆ ನಡೆಯುವ ಹಿನ್ನೋಟದ ಸಭೆಯಲ್ಲಿ ಹೊಸ ಸೌಲಭ್ಯಗಳ ಜೊತೆ ಪರೀಕ್ಷೆಗಳ ಮಾತೂ ಬರಬೇಕು. ಪ್ರೋಗ್ರಾಮ್ ಬದಲಿಸಿದವರೇ ಅದರ ಪರೀಕ್ಷೆಯನ್ನೂ ಅದೇ ಕಂತಿನಲ್ಲಿ ತಿದ್ದಿದರೆ ಸಾಲ ಬೆಳೆಯುವುದಿಲ್ಲ.

ನಂಬಿಕೆ 3: ಆಟೋಮೇಶನ್ ಬಂದರೆ ಟೆಸ್ಟರ್‌ಗಳು ಬೇಡ

ಯಂತ್ರ ಹೇಳಿದ್ದನ್ನು ಮಾತ್ರ ನೋಡುತ್ತದೆ. ಹೇಳಬೇಕೆಂದು ಯಾರಿಗೂ ಹೊಳೆಯದ್ದನ್ನು ನೋಡುವುದಿಲ್ಲ. ನಮ್ಮಲ್ಲಿ ಬಹಳಷ್ಟು ಜನರಿಗೆ ಅಡ್ಡಹೆಸರಿಲ್ಲ, ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಇನಿಶಿಯಲ್ ಇರುತ್ತದೆ ಅಷ್ಟೆ. 'ಕೊನೆಯ ಹೆಸರು ಕಡ್ಡಾಯ, ಕನಿಷ್ಠ ಮೂರು ಅಕ್ಷರ' ಎನ್ನುವ ಫಾರ್ಮು ಅವರಿಗೆ ಮುಂದೆ ಹೋಗಲು ಬಿಡುವುದಿಲ್ಲ. ಕನ್ನಡದಲ್ಲಿ ಹೆಸರು ಬರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಬಹುದು. ಪ್ರತಿ ಸಲವೂ ಅದೇ ಇಂಗ್ಲಿಷ್ ಹೆಸರು ತುಂಬುವ ಸ್ವಯಂಚಾಲಿತ ಪರೀಕ್ಷೆ ಸಾವಿರ ಸಲ ಓಡಿದರೂ ಇದನ್ನು ಕಾಣದು. ತಂಡದಲ್ಲಿರುವ ಒಬ್ಬ ಕುತೂಹಲಿ ಟೆಸ್ಟರ್ ಐದು ನಿಮಿಷದಲ್ಲಿ ಕಂಡಾರು. ಒಮ್ಮೆ ಕಂಡ ಮೇಲೆ ಅದನ್ನು ಯಂತ್ರಕ್ಕೆ ಹೇಳಿಕೊಡಬಹುದು, ಮುಂದೆ ಪ್ರತಿ ಸಲವೂ ಅದು ತಪ್ಪದೆ ನೋಡುತ್ತದೆ. ಹುಡುಕುವುದು ಮನುಷ್ಯರ ಕೆಲಸ, ಬೇಸರವಿಲ್ಲದೆ ಕಾಯುವುದು ಯಂತ್ರದ ಕೆಲಸ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ತಂತ್ರಾಂಶದ ಮಡಕೆಯಲ್ಲಿ ಹಾಗಲ್ಲ. ಒಂದಗುಳು ಬೆಂದಿದ್ದರೂ ಪಕ್ಕದ್ದು ಅಕ್ಕಿಯಾಗಿಯೇ ಇರಬಹುದು. ಎಷ್ಟು ಪರೀಕ್ಷಿಸಿದರೂ 'ತಪ್ಪೇ ಇಲ್ಲ' ಎಂದು ಸಾಧಿಸಲಾಗದು. ಯಾವ ಅಗುಳು ಹಸಿಯಿದ್ದರೆ ಯಾರಿಗೆ ಎಷ್ಟು ನಷ್ಟ ಎಂದು ಯೋಚಿಸಿ, ಹಣ, ಆರೋಗ್ಯ, ಸುರಕ್ಷತೆಯ ಕಡೆ ಮೊದಲು ಕೈಹಾಕುವುದಷ್ಟೇ ಸಾಧ್ಯ.

ನಾವೇನು ಮಾಡಬಹುದು?

ಅಪ್‌ಡೇಟ್ ಆದ ಮೇಲೆ ಆಪ್ ತೊಂದರೆ ಕೊಟ್ಟರೆ ಆಪ್‌ನೊಳಗಿನ ಸಹಾಯ ವಿಭಾಗದಲ್ಲೇ ದೂರು ಕೊಡಿ. ಏನು ಮಾಡಿದಾಗ ಏನಾಯಿತು ಎಂದು ಬರೆದು, ಸ್ಕ್ರೀನ್‌ಶಾಟ್ ಮತ್ತು ಆಪ್‌ನ ಆವೃತ್ತಿ ಸಂಖ್ಯೆ ಸೇರಿಸಿದರೆ ಅದು ಮುಂದಿನ ಪರೀಕ್ಷೆಯೊಂದಕ್ಕೆ ದಾರಿಯಾಗಬಹುದು. ಸ್ಕ್ರೀನ್‌ಶಾಟ್‌ನಲ್ಲಿ ಖಾತೆ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ. ಫಾರ್ವರ್ಡ್‌ನಲ್ಲಿ ಬಂದ ಸಹಾಯವಾಣಿ ನಂಬರಿಗೆ ಕರೆ ಮಾಡಬೇಡಿ, ಒಟಿಪಿ ಯಾರಿಗೂ ಹೇಳಬೇಡಿ.

ಮತ್ತೆ ಯಾವತ್ತಾದರೂ ಪರದೆಗಳೆಲ್ಲ ನೀಲಿಯಾಗಿ, 'ಸೈಬರ್ ದಾಳಿ, ಎಲ್ಲರಿಗೂ ತಿಳಿಸಿ' ಎಂಬ ಸಂದೇಶ ಬಂದರೆ ಒಂದು ಗಂಟೆ ಕಾಯಿರಿ. ಎಲ್ಲೋ ಒಂದು ಪರೀಕ್ಷೆ, ನೋಡಬೇಕಿದ್ದ ಜಾಗವನ್ನು ನೋಡದೆಯೇ ಪಾಸ್ ಆಗಿದ್ದಿರಬಹುದು.